ಹೋಟೆಲ್ ಹಲಗೆಯ ಒಂದು ಸಾಲಿಗೆ 50 ಲಕ್ಷದ ನೋಟಿಸ್

ಪ್ರಶ್ನೆ: ವಕೀಲ ಸಾಹೇಬ್ರಿಗೆ ನಮಸ್ಕಾರ. ಗಂಗಾವತಿಯಾಗ ನಮ್ಮದೊಂದು ಸಣ್ಣ ಹೋಟೆಲ್ ಐತ್ರಿ. ಬಾಗಿಲ ಹತ್ರ ಕರಿ ಹಲಗಿ ಇಟ್ಟು ದಿನಾ ಮುಂಜಾನೆ ‘ಇಂದಿನ ವಿಶೇಷ’ ಅಂತ ಬರೀತೀವಿ. ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಾ. ಅದರ ಕೆಳಗ ಆವತ್ತಿನ ಸುದ್ದಿ ಮ್ಯಾಲ ಒಂದು ಸಾಲು ಬರಿಯೋದು ನನಗ ಚಟ ಆಗೇತಿ. ಡ್ಯಾಮಿನ ಗೇಟು ಹೋದಾಗ ‘19ನೇ ಗೇಟು ಹೋತು, ತನಿಖಾ ಸಮಿತಿ ಬಂತು. ಎರಡರಾಗ ನೀರು ತಡಿಯೋದು ಯಾವುದು ಗೊತ್ತಾದ್ರ ತಿಳಿಸ್ರಿ’ ಅಂತ ಬರದಿದ್ದೆ. ಜನ ನಕ್ರು, ಚಾ ಕುಡದ್ರು, ಹೋದ್ರು. ಹೋದ ತಿಂಗಳು ನಮ್ಮ ಓಣಿ ರಸ್ತೆ ಮ್ಯಾಲ ‘ರಸ್ತೆಗೆ ಬಂದ ಜಲ್ಲಿ ಎಲ್ಲಿ ಹೋತು? ಮಾಜಿ ಸದಸ್ಯರ ಹೊಸ ಮನಿ ಕಾಂಪೌಂಡ್ ನೋಡಿ ಬರ್ರಿ’ ಅಂತ ಬರದೆ. ಹೆಸರು ಹಾಕಿಲ್ಲ. ನಮ್ಮ ಅಕ್ಕನ ಮಗ ಫೋಟೊ ಹೊಡದು ತನ್ನ ವಾಟ್ಸಾಪ್ ಗ್ರೂಪಿಗೆ ಬಿಟ್ಟ, ಸಂಜಿ ಅನ್ನೋದರಾಗ ಊರೆಲ್ಲಾ ತಿರುಗಿತು. ಮರುದಿನ ನಾಕು ಹುಡುಗ್ರು ಬಂದು ‘ಹಲಗಿ ನೀವು ತಗೀತೀರೋ, ನಾವು ತಗಿಯೋಣೋ’ ಅಂದ್ರು. ಈಗ ವಕೀಲರ ನೋಟಿಸ್ ಬಂದೈತಿ. ಏಳು ದಿನದಾಗ ಅದೇ ಹಲಗಿ ಮ್ಯಾಲ ಕ್ಷಮೆ ಕೇಳಬೇಕಂತ, ಇಲ್ಲಾಂದ್ರ 50 ಲಕ್ಷ ಮಾನನಷ್ಟ, ಮ್ಯಾಲ ಕ್ರಿಮಿನಲ್ ಕೇಸು. 50 ಲಕ್ಷಕ್ಕ ಎಷ್ಟು ಪ್ಲೇಟು ಮಿರ್ಚಿ ಆಗ್ತದಂತ ಲೆಕ್ಕ ಹಾಕಾಕ ಹೋಗಿ ಅರ್ಧಕ್ಕ ಬಿಟ್ಟೆ. ಹೆಸರ ಇಲ್ಲದ ಮ್ಯಾಲ ಕೇಸು ನಿಲ್ತದೇನ್ರಿ? ಕೆಳಗ ‘ತಮಾಷೆಗಾಗಿ’ ಅಂತ ಬರದ್ರ ನಡೀತದೇನು? ಪೊಲೀಸರು ಎತ್ಕೊಂಡು ಹೋಗ್ತಾರೇನು? ಹುಡುಗ ಗ್ರೂಪ್ ಅಡ್ಮಿನ್ ಅದಾನ, ಅವನಿಗೇನಾದ್ರೂ ಆದ್ರ ಅಕ್ಕಗ ಮುಖ ಹೆಂಗ ತೋರಿಸ್ಲಿ? ಮನಿಯಾಕಿ ಹಲಗಿ ಒಳಗ ಇಡ್ರಿ ಅಂತಾಳ. ಏನು ಮಾಡ್ಲಿ? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಮಿರ್ಚಿ ಲೆಕ್ಕ ಅರ್ಧಕ್ಕೆ ಬಿಟ್ಟದ್ದು ಒಳ್ಳೆಯದಾಯಿತು. ಆ ಲೆಕ್ಕವನ್ನು ಎದುರು ಪಕ್ಷದವರು ಮೊದಲು ಹಾಕಬೇಕು. 50 ಲಕ್ಷ ಪರಿಹಾರ ಕೇಳಿ ಸಿವಿಲ್ ದಾವೆ ಹೂಡುವವರು ಆ ಮೊತ್ತಕ್ಕೆ ತಕ್ಕ ಕೋರ್ಟ್ ಫೀಯನ್ನು ಮುಂಗಡವಾಗಿ ಕಟ್ಟಬೇಕಾಗುತ್ತದೆ. ನಮ್ಮ ರಾಜ್ಯದ 1958ರ ನ್ಯಾಯಾಲಯ ಶುಲ್ಕ ಕಾಯ್ದೆಯಲ್ಲಿ ಮಾನ ಹೋದವರಿಗೆ ರಿಯಾಯಿತಿ ಇಲ್ಲ. ನೋಟಿಸಿನಲ್ಲಿ ಸೊನ್ನೆ ಸೇರಿಸುವುದು ಪುಕ್ಕಟೆ, ದಾವೆಯಲ್ಲಿ ಪ್ರತಿ ಸೊನ್ನೆಗೂ ದುಡ್ಡು ಬೀಳುತ್ತದೆ. ಬಳ್ಳಾರಿಯಲ್ಲಿ ನನ್ನ ಮೇಜಿನ ಮೇಲೆ ಬಂದ ಇಂಥ ನೋಟಿಸುಗಳಲ್ಲಿ ಬಹುಪಾಲು ನೋಟಿಸಾಗಿಯೇ ಉಳಿದುಹೋಗಿವೆ. ಅದು ಒಬ್ಬ ವಕೀಲರು ಬರೆದ ಪತ್ರ, ಕೋರ್ಟಿನ ಆಜ್ಞೆಯಲ್ಲ. ಏಳು ದಿನ ಎನ್ನುವುದು ಅವರೇ ಹಾಕಿಕೊಂಡ ಗಡುವು. ಎಂಟನೇ ದಿನ ಮುಂಜಾನೆ ನಿಮ್ಮ ಹೋಟೆಲ್ ಮುಂದೆ ಏನೂ ಬಂದು ನಿಲ್ಲುವುದಿಲ್ಲ. ಹಾಗೆಂದು ಅದನ್ನು ಮಿರ್ಚಿ ಕಟ್ಟಲು ಬಳಸಬೇಡಿ. ಮಾನನಷ್ಟಕ್ಕೆ ಸಿವಿಲ್ ದಾವೆ ಹಾಕಲು ಒಂದು ವರ್ಷ, ಕ್ರಿಮಿನಲ್ ದೂರು ಕೊಡಲು ಮೂರು ವರ್ಷ ಕಾಲಾವಕಾಶ ಇದೆ. ಅಷ್ಟು ದಿನ ಆ ಕಾಗದ, ಲಕೋಟೆ ಸಮೇತ, ಜೋಪಾನವಾಗಿರಬೇಕು.

ಇಷ್ಟು ಹೇಳಿದ್ದು ನಿಮ್ಮ ನಿದ್ದೆಗೆ. ಇನ್ನು ನಿಮಗೆ ಅಷ್ಟೇನೂ ರುಚಿಸದ ಮಾತು.

ನಿಮ್ಮ ಪತ್ರದಲ್ಲಿ ಹಲಗೆಯ ಎರಡು ಸಾಲುಗಳಿವೆ. ಎರಡೂ ಒಂದೇ ಜಾತಿಯ ಕುಚೋದ್ಯ ಎಂದು ನೀವು ತಿಳಿದಿದ್ದೀರಿ, ಕಾನೂನು ಹಾಗೆ ನೋಡುವುದಿಲ್ಲ. ಡ್ಯಾಮಿನ ಸಾಲನ್ನು ತೆಗೆದುಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋದದ್ದು ಇಡೀ ದೇಶಕ್ಕೆ ಗೊತ್ತು. ನದಿ ತುಂಬಿ ಹರಿಯುವಾಗಲೇ ಒಂದು ವಾರದೊಳಗೆ ತಾತ್ಕಾಲಿಕ ಗೇಟು ಇಳಿಸಿ ನೀರು ನಿಲ್ಲಿಸಿದ್ದೂ ಗೊತ್ತು. ಆ ಸಂಗತಿ ನಿಜ, ಅದರ ಮೇಲೆ ನೀವು ಹೇಳಿದ್ದು ನಿಮ್ಮ ಅಭಿಪ್ರಾಯ. ಸಮಿತಿಗಳು ನೀರು ತಡೆಯುವುದಿಲ್ಲ ಎಂದು ಯಾರೂ ಮೊಕದ್ದಮೆ ಹೂಡಲಾರರು. ಹೂಡಿದರೂ ನಿಲ್ಲುವುದಿಲ್ಲ. ಸರ್ಕಾರವಾಗಲಿ, ಸರ್ಕಾರದ ಅಧಿಕಾರ ಚಲಾಯಿಸುವ ಸಂಸ್ಥೆಗಳಾಗಲಿ ತಮ್ಮ ಕೆಲಸದ ಟೀಕೆಗೆ ಮಾನನಷ್ಟ ಪರಿಹಾರ ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ, ತಮಿಳುನಾಡಿನ ಒಬ್ಬ ಕೈದಿಯ ಆತ್ಮಕಥೆ ಅಚ್ಚುಹಾಕುವ ಜಗಳದ ರಾಜಗೋಪಾಲ್ ಪ್ರಕರಣದಲ್ಲಿ ಹೇಳಿದೆ. ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಬರೆಯಲು ಯಾರ ಅಪ್ಪಣೆಯೂ ಬೇಡ ಎಂದದ್ದೂ ಅದೇ ತೀರ್ಪು. ಆ ಎರಡನೇ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಜಲ್ಲಿಯ ಸಾಲು ಬೇರೆ. ಅದರಲ್ಲಿ ಅಭಿಪ್ರಾಯವೇ ಇಲ್ಲ. ಇಂಥವರು ಸರ್ಕಾರಿ ಜಲ್ಲಿ ಕದ್ದು ಮನೆ ಕಟ್ಟಿಸಿಕೊಂಡರು ಎಂಬ ಒಂದು ಸಂಗತಿ ಇದೆ, ಅದಕ್ಕೆ ನಗೆಯ ಅಂಗಿ ತೊಡಿಸಿದ್ದೀರಿ. ಅಂಗಿ ಬಿಚ್ಚಿದರೆ ಒಳಗಿರುವುದು ಕಳ್ಳತನದ ಆರೋಪ. ಅದು ನಿಜವೇ ಆಗಿರಬಹುದು. ನಿಜ ಎಂದು ತೋರಿಸಲು ನಿಮ್ಮ ಕೈಯಲ್ಲಿ ಏನಿದೆ ಎಂದು ಪತ್ರವನ್ನು ಎರಡು ಸಲ ಓದಿದೆ, ಏನೂ ಕಾಣಲಿಲ್ಲ.

ಹೆಸರಿಲ್ಲದ ಮೇಲೆ ಕೇಸು ನಿಲ್ಲುವುದಿಲ್ಲ ಎನ್ನುವ ನಂಬಿಕೆ ನಮ್ಮ ಕಡೆ ಬಲು ಹಳೆಯದು. ಹೆಸರು ಬರೆಯುವುದು ಮುಖ್ಯವಲ್ಲ, ಓದಿದವರಿಗೆ ಆಳು ಯಾರೆಂದು ತಿಳಿಯುತ್ತದೆಯೇ ಎನ್ನುವುದು ಮುಖ್ಯ. ನಿಮ್ಮ ವಾರ್ಡಿನಲ್ಲಿ ಹೊಸ ಮನೆ, ಹೊಸ ಕಾಂಪೌಂಡು, ‘ಮಾಜಿ ಸದಸ್ಯ’ ಎಂಬ ಬಿರುದು ಮೂರೂ ಇರುವವರು ಎಷ್ಟು ಜನ? ನಾಲ್ಕು ಹುಡುಗರು ವಿಳಾಸ ಕೇಳದೆ ಮರುದಿನವೇ ಹೋಟೆಲಿಗೆ ಬಂದರಲ್ಲ, ಕೋರ್ಟಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಪ್ರಶ್ನೆಯ ರೂಪದಲ್ಲಿ ಕೇಳಿದರೆ ಬಚಾವು, ವ್ಯಂಗ್ಯವಾಗಿ ಹೇಳಿದರೆ ಬಚಾವು ಎನ್ನುವವರಿದ್ದಾರೆ. ಕಾಯ್ದೆ ಬರೆದವರು ನಮಗಿಂತ ಮುಂಚೆ ಇದನ್ನು ಯೋಚಿಸಿದ್ದರು. ಭಾರತೀಯ ದಂಡ ಸಂಹಿತೆಯ 499ನೇ ಕಲಮಿನಲ್ಲಿದ್ದ ಮಾತು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿಗೆ ಬಂದು ಕೂತಿದೆ. ಅದರ ಮೂರನೇ ವಿವರಣೆಯ ಪ್ರಕಾರ ವ್ಯಂಗ್ಯದಲ್ಲಿ ಹೇಳಿದ ಆರೋಪವೂ ಮಾನಹಾನಿ ಆಗಬಹುದು. ಒಬ್ಬನನ್ನು ತೋರಿಸಿ ‘ಅಯ್ಯೋ, ಇವರಂಥ ಪ್ರಾಮಾಣಿಕರು ಉಂಟೇ, ವಾಚು ಕದಿಯುವವರೇ ಅಲ್ಲ’ ಎಂದು ಕಣ್ಣು ಹೊಡೆದರೂ ಅಷ್ಟೇ, ನೇರವಾಗಿ ಕಳ್ಳ ಎಂದರೂ ಅಷ್ಟೇ. ನೂರೈವತ್ತು ವರ್ಷ ದಾಟಿದ ಕಲಮು ವ್ಯಂಗ್ಯವನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿರುವುದು ನೋಡಿದರೆ ಬರೆದವರಿಗೂ ಅದರ ಅಭ್ಯಾಸ ಇತ್ತೆಂದು ನನ್ನ ಗುಮಾನಿ.

ಬರೀ ಒಂದು ಪ್ರಶ್ನೆ ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದಲ್ಲೇ ಹುಟ್ಟಿದ ಉದಾಹರಣೆ ಇದೆ. 2019ರ ಏಪ್ರಿಲ್‌ನಲ್ಲಿ ಕೋಲಾರದ ಚುನಾವಣಾ ಸಭೆಯಲ್ಲಿ ರಾಹುಲ್ ಗಾಂಧಿ ಕಳ್ಳರಿಗೂ ಒಂದು ಮನೆತನದ ಹೆಸರಿಗೂ ಗಂಟು ಹಾಕಿ ಕೇಳಿದ ಪ್ರಶ್ನೆಗೆ ದೂರು ದಾಖಲಾದದ್ದು ಗುಜರಾತಿನ ಸೂರತ್‌ನಲ್ಲಿ. 2023ರ ಮಾರ್ಚ್‌ನಲ್ಲಿ ಅಲ್ಲಿನ ಮ್ಯಾಜಿಸ್ಟ್ರೇಟರು ಕೊಟ್ಟ ಎರಡು ವರ್ಷದ ಶಿಕ್ಷೆಯಿಂದ ಅವರ ಲೋಕಸಭೆ ಸದಸ್ಯತ್ವವೂ ಹೋಯಿತು. ಗರಿಷ್ಠ ಶಿಕ್ಷೆಗೆ ಕಾರಣವನ್ನೇ ಕೊಟ್ಟಿಲ್ಲವಲ್ಲ ಎಂದು ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ತಡೆ ಕೊಟ್ಟ ಮೇಲೆ ಅದು ಮರಳಿತು. ಅವರ ಜೊತೆ ದೇಶದ ದೊಡ್ಡ ವಕೀಲರಿದ್ದರು. ನಿಮ್ಮ ಜೊತೆ ನಾನೋ, ನನ್ನಂಥವರೋ ಇರುತ್ತೇವೆ. ಲೆಕ್ಕ ನೀವೇ ಹಾಕಿ.

‘ತಮಾಷೆಗಾಗಿ’ ಎಂದು ಕೆಳಗೆ ಬರೆದರೆ ಏನೂ ಪ್ರಯೋಜನವಿಲ್ಲ. ಎದುರಿನ ವಕೀಲ ಚುರುಕಾಗಿದ್ದರೆ ‘ನೋಡಿ ಸ್ವಾಮಿ, ನೋಯಿಸುವ ಮಾತೆಂದು ಇವರಿಗೆ ಮೊದಲೇ ತಿಳಿದಿತ್ತು’ ಎಂದು ಅದನ್ನೇ ಓದಿ ತೋರಿಸುತ್ತಾನೆ. ಕೊನೆಗೊಂದು ‘ಅಂತೆ’ ಸೇರಿಸುವುದೂ ಹಾಗೇ. ಗಾಳಿಸುದ್ದಿಯನ್ನು ಹಲಗೆಗೆ ಏರಿಸಿದ ದಿನ ಅದು ನಿಮ್ಮ ಸುದ್ದಿ.

ಹಾಗಾದರೆ ಕಾನೂನು ಟೀಕೆಗೆ ಜಾಗವನ್ನೇ ಇಟ್ಟಿಲ್ಲವೇ? ಇಟ್ಟಿದೆ, ಸಾಕಷ್ಟು ಇಟ್ಟಿದೆ. ಅದೇ 356ನೇ ಕಲಮಿಗೆ ಹತ್ತು ವಿನಾಯಿತಿಗಳಿವೆ. ಸರ್ಕಾರಿ ನೌಕರನ ಅಧಿಕೃತ ನಡವಳಿಕೆ ಬಗ್ಗೆ ಸದ್ಭಾವನೆಯಿಂದ ಹೇಳುವ ಅಭಿಪ್ರಾಯ ಅಪರಾಧವಲ್ಲ. ಸಾರ್ವಜನಿಕ ಪ್ರಶ್ನೆಯಲ್ಲಿ ಯಾವುದೇ ವ್ಯಕ್ತಿ ನಡೆದುಕೊಂಡ ರೀತಿ ಬಗ್ಗೆ ಹೇಳುವುದೂ ಅಲ್ಲ. ಓಣಿಯ ರಸ್ತೆ ಸಾರ್ವಜನಿಕ ಪ್ರಶ್ನೆಯೇ, ಅದರಲ್ಲಿ ಅನುಮಾನ ಬೇಡ. ತೊಡಕು ಇರುವುದು ಬೇರೆ ಕಡೆ. ವಿನಾಯಿತಿ ನನಗೆ ಸಲ್ಲುತ್ತದೆ ಎಂದು ಸಾಧಿಸುವ ಹೊಣೆ ಆರೋಪಿಯ ಮೇಲೆಯೇ ಇರುತ್ತದೆ. ಮೊದಲನೇ ವಿನಾಯಿತಿಯಲ್ಲಿ ಇನ್ನೊಂದು ಗಂಟಿದೆ: ಕ್ರಿಮಿನಲ್ ಮೊಕದ್ದಮೆಯಲ್ಲಿ ‘ನಾನು ಹೇಳಿದ್ದು ಸತ್ಯ’ ಎಂದರಷ್ಟೇ ಸಾಲದು, ಸತ್ಯವೂ ಆಗಿರಬೇಕು, ಅದನ್ನು ಹೇಳುವುದು ಸಾರ್ವಜನಿಕ ಹಿತಕ್ಕೂ ಆಗಿರಬೇಕು. ಸಿವಿಲ್ ದಾವೆಯಲ್ಲಿ ಸತ್ಯ ಒಂದೇ ಸಾಕಾಗುತ್ತದೆ. ಈ ಕಾನೂನೇ ಬೇಡ, ಮಾನಹಾನಿಗೆ ಜೈಲು ಯಾಕೆ ಎಂದು ಹಲವರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2016ರಲ್ಲಿ ಕೋರ್ಟು ಒಪ್ಪಲಿಲ್ಲ. ಶಿಕ್ಷೆ ಈಗಲೂ ಎರಡು ವರ್ಷದವರೆಗೆ ಸಾದಾ ಸಜೆ, ಅಥವಾ ದಂಡ, ಅಥವಾ ಎರಡೂ. ಹೊಸ ಸಂಹಿತೆಯಲ್ಲಿ ಸಮುದಾಯ ಸೇವೆ ಎಂದೂ ಸೇರಿಸಿದ್ದಾರೆ. ನಿಮ್ಮ ವಿಷಯದಲ್ಲಿ ರಸ್ತೆಗೆ ಜಲ್ಲಿ ಹಾಕುವ ಸೇವೆಯನ್ನೇ ಕೊಟ್ಟರೆ ಊರಿಗೆ ಉಪಕಾರವಾದೀತು.

ಪೊಲೀಸರ ವಿಷಯಕ್ಕೆ ಬರೋಣ. ಬರೀ ಮಾನಹಾನಿಗೆ ಪೊಲೀಸರು ಎಫ್‌ಐಆರ್ ಹಾಕಿ ಎತ್ತಿಕೊಂಡು ಹೋಗುವಂತಿಲ್ಲ. ಅದು ಅಸಂಜ್ಞೇಯ ಅಪರಾಧ, ಜಾಮೀನು ಹಕ್ಕಾಗಿ ಸಿಗುತ್ತದೆ, ರಾಜಿಗೂ ಅವಕಾಶ ಇದೆ. ನೊಂದವರೇ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು ದೂರನ್ನು ಪರಿಗಣನೆಗೆ ತೆಗೆದುಕೊಳ್ಳುವ ಮೊದಲೇ ನಿಮ್ಮ ಮಾತನ್ನೂ ಕೇಳಬೇಕು. ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ‘66ಎ ಹಾಕಿಸ್ತೀವಿ’ ಎಂದು ಹುಡುಗರು ಇನ್ನೊಮ್ಮೆ ಬಂದು ಹೇಳಿದರೆ ಒಂದು ಚಾ ಕೊಟ್ಟು ಕಳಿಸಿ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲೇ ಹೊಡೆದುಹಾಕಿದೆ.

ಪೊಲೀಸರು ನೇರವಾಗಿ ಬರಬಹುದಾದ ದಾರಿಗಳು ಬೇರೆ ಇವೆ, ಅವು ನಿಜವಾಗಿಯೂ ಅಪಾಯದವು. ಗುಂಪುಗಳ ನಡುವೆ ದ್ವೇಷ ಎಬ್ಬಿಸಿದರೆಂದು ನ್ಯಾಯ ಸಂಹಿತೆಯ 196ನೇ ಕಲಮು, ಧಾರ್ಮಿಕ ಭಾವನೆಗೆ ಧಕ್ಕೆ ಎಂದು 299ನೇ ಕಲಮು. ಇವಕ್ಕೆ ಜಾಮೀನು ಹಕ್ಕಿನಿಂದ ಸಿಗುವುದಿಲ್ಲ. ಜಾತಿ ಹಿಡಿದು ಸಾರ್ವಜನಿಕವಾಗಿ ಹೀಯಾಳಿಸಿದರೆ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ಅದಕ್ಕೆ ನನ್ನ ಸಹಾನುಭೂತಿ ಕೂಡ ನಿಮಗೆ ಸಿಗದು. ಅಂಜನಾದ್ರಿ ನಿಮ್ಮ ಊರಿನ ಮಗ್ಗುಲಲ್ಲೇ ಇದೆ. ಅಲ್ಲಿನ ಪಾರ್ಕಿಂಗ್, ಶನಿವಾರದ ನೂಕುನುಗ್ಗಲು, ಕುಡಿಯುವ ನೀರಿನ ಬಗ್ಗೆ ದಿನಾ ಬರೆಯಿರಿ. ಹನುಮಂತ ಹುಟ್ಟಿದ್ದು ಎಲ್ಲಿ ಎಂದು ತಿರುಪತಿಯವರಿಗೂ ನಮ್ಮವರಿಗೂ 2021ರಲ್ಲಿ ಎದ್ದ ಜಟಾಪಟಿಗೆ ಮಾತ್ರ ನಿಮ್ಮ ಹಲಗೆ ಬೇಡ.

ಈ ಕಲಮುಗಳ ವಿಷಯದಲ್ಲೂ ಇತ್ತೀಚೆಗೆ ಒಂದು ಒಳ್ಳೆಯ ತೀರ್ಪು ಬಂದಿದೆ. ಗುಜರಾತಿನ ಜಾಮ್‌ನಗರದಲ್ಲಿ ಸಂಸದ ಇಮ್ರಾನ್ ಪ್ರತಾಪ್‌ಗಢಿ ಅವರ ಮೇಲೆ ಒಂದು ಪದ್ಯದ ವಿಡಿಯೊ ಹಾಕಿದ್ದಕ್ಕೆ ದಾಖಲಾಗಿದ್ದ ಎಫ್‌ಐಆರ್ ಅನ್ನು 2025ರ ಮಾರ್ಚ್ 28ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮಾತಿನ ಪರಿಣಾಮವನ್ನು ಗಟ್ಟಿ ಮನಸ್ಸಿನ, ವಿವೇಕದ ಜನರ ಅಳತೆಗೋಲಿನಿಂದ ಅಳೆಯಬೇಕು, ಸಣ್ಣ ಮಾತಿಗೂ ತಮ್ಮ ಸ್ಥಾನಕ್ಕೆ ಕುತ್ತು ಬಂತೆಂದು ಬೆದರುವವರ ಅಳತೆಯಿಂದ ಅಲ್ಲ ಎಂಬುದು ಅದರ ತಿರುಳು. ಬದುಕಿಗೆ ಅರ್ಥ ಕೊಡುವ ಕಲೆಗಳನ್ನು ಹೆಸರಿಸುವಾಗ ವಿಡಂಬನೆಯನ್ನೂ ಸೇರಿಸಿದ್ದಾರೆ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಇಂಥ ಮಾತಿನ ಪ್ರಕರಣಗಳಲ್ಲಿ ಪೊಲೀಸರು ಎಫ್‌ಐಆರ್‌ಗೆ ಮೊದಲು ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತ ಎಂದೂ ಹೇಳಿದ್ದಾರೆ. ಠಾಣೆಯಿಂದ ಕರೆ ಬಂದರೆ ಈ ತೀರ್ಪಿನ ಒಂದು ಪ್ರತಿ ಜೇಬಿನಲ್ಲಿರಲಿ. ಠಾಣಾಧಿಕಾರಿಗಳಿಗೆ ಅದನ್ನು ಪಾಠ ಮಾಡುವ ಧಾಟಿಯಲ್ಲಿ ಕೊಡಬೇಡಿ, ‘ನಮ್ಮ ವಕೀಲರು ಕೊಟ್ಟು ಕಳಿಸ್ಯಾರ್ರಿ’ ಎಂದರೆ ಸಾಕು.

ನಿಮ್ಮ ಅಕ್ಕನ ಮಗನ ಬಗ್ಗೆ. ಗ್ರೂಪಿನಲ್ಲಿ ಬೇರೆಯವರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲ ಎಂದು ಬಾಂಬೆ ಹೈಕೋರ್ಟ್ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ ಹೇಳಿವೆ. ಇದನ್ನು ಕೇಳಿ ಹುಡುಗ ಖುಷಿಪಡುವ ಮೊದಲು ಉಳಿದದ್ದನ್ನೂ ಹೇಳಿಬಿಡಿ: ಫೋಟೊ ಹಾಕಿದ್ದು ಬೇರೆಯವರಲ್ಲ, ಅವನೇ. ಅಡ್ಮಿನ್ ಆಗಿ ಅವನು ಕ್ಷೇಮ, ಫೋಟೊ ಹಂಚಿದವನಾಗಿ ನಿಮ್ಮಷ್ಟೇ ಪಾಲುದಾರ. ನೋಟಿಸ್ ಬಂದ ಮೇಲೆ ಭಯಬಿದ್ದು ಆ ಸಂದೇಶ, ಗ್ರೂಪು ಎಲ್ಲ ಅಳಿಸಿಹಾಕುವುದು ಬೇಡ. ಆಗಲೇ ಊರೆಲ್ಲ ತಿರುಗಿದ್ದು ಅಳಿಯುವುದಿಲ್ಲ, ಅಳಿಸಲು ನೋಡಿದ ಎಂಬ ಮಾತು ಮಾತ್ರ ಉಳಿಯುತ್ತದೆ.

ಬೋರ್ಡು ಒಳಗಿಡಿ ಎನ್ನುವ ನಿಮ್ಮ ಮನೆಯವರ ಮಾತಿನಲ್ಲಿ ಒಂದು ತಿಳಿವಳಿಕೆ ಇದೆ. ಅದು ಕಾನೂನಿನ ಪುಸ್ತಕದಲ್ಲಿ ಸಿಗುವುದಿಲ್ಲ. ಇಂಥ ಜಗಳಗಳಲ್ಲಿ ಮೊಕದ್ದಮೆ ಬರುವುದು ಕೊನೆಗೆ. ಅದಕ್ಕೆ ಮೊದಲು ಒಂದು ದಿನ ನಗರಸಭೆಯವರು ಫುಟ್‌ಪಾತ್ ತೆರವಿಗೆ ಬರುತ್ತಾರೆ, ಇಡೀ ಸಾಲಿನಲ್ಲಿ ನಿಮ್ಮ ಹೋಟೆಲಿನ ಮೆಟ್ಟಿಲು ಮಾತ್ರ ರಸ್ತೆಗೆ ಚಾಚಿರುತ್ತದೆ. ಆಮೇಲೆ ಆಹಾರ ಸುರಕ್ಷತೆಯವರು ಎಣ್ಣೆ ನೋಡಲು ಬರುತ್ತಾರೆ. ನಾನು ಕಂಡ ಹಾಗೆ ಕುಚೋದ್ಯಕ್ಕೆ ಕೋರ್ಟಿನಲ್ಲಿ ಶಿಕ್ಷೆ ಆದವರು ಅಪರೂಪ, ಲೈಸೆನ್ಸ್ ನವೀಕರಣದಲ್ಲಿ ಆದವರು ಬಹಳ. ಆದ್ದರಿಂದ ಈ ವಾರ ಬರೆಯುವುದಕ್ಕಿಂತ ಮೊದಲು ಉದ್ದಿಮೆ ಪರವಾನಗಿ, ಆಹಾರ ಸುರಕ್ಷತೆ ನೋಂದಣಿ ಎರಡರ ದಿನಾಂಕ ನೋಡಿ. ಹಲಗೆ ನಿಮ್ಮ ಹೊಸ್ತಿಲ ಒಳಗೆ ನಿಂತಿದೆಯೋ, ನಗರಸಭೆಯ ಜಾಗದಲ್ಲಿ ನಿಂತಿದೆಯೋ ನೋಡಿ. ಅಡುಗೆಮನೆಯಲ್ಲಿ ಮನೆಬಳಕೆಯ ಕೆಂಪು ಸಿಲಿಂಡರ್ ಇದ್ದರೆ ಇಂದೇ ಮನೆಗೆ ಸಾಗಿಸಿ, ಹೋಟೆಲಿಗೆ ವಾಣಿಜ್ಯ ಸಿಲಿಂಡರೇ ಇರಬೇಕು. ಊರಿನ ಲೆಕ್ಕ ಕೇಳುವವರ ಲೆಕ್ಕ ನೆಟ್ಟಗಿರಬೇಕು ಎಂದು ನೀತಿ ಹೇಳುತ್ತಿಲ್ಲ, ಅವರು ಮೊದಲು ಹುಡುಕುವುದೇ ಅಲ್ಲಿ.

ಹುಡುಗರು ಬಂದು ಹೋದದ್ದನ್ನು ಸುಮ್ಮನೆ ಬಿಡಬೇಡಿ. ‘ನಾವು ತಗಿಯೋಣೋ’ ಎಂಬ ಮಾತು ಬೆದರಿಕೆ. ಜಗಳಕ್ಕೆ ಹೋಗುವುದೂ ಬೇಡ, ಠಾಣೆಗೆ ಒಂದು ಸಣ್ಣ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಕ್ಯಾಮೆರಾ ಇದ್ದರೆ ಆ ದಿನದ ದೃಶ್ಯವನ್ನು ಈಗಲೇ ಬೇರೆ ಕಡೆ ತೆಗೆದಿಡಿಸಿ, ಹೋಟೆಲುಗಳ ಕ್ಯಾಮೆರಾ ಕೆಲವೇ ದಿನಗಳಲ್ಲಿ ತನ್ನ ಮೇಲೆ ತಾನೇ ಬರೆದುಕೊಂಡುಬಿಡುತ್ತದೆ.

ಇನ್ನು ನೋಟಿಸಿಗೆ ಏನು ಮಾಡುವುದು. ಸುಮ್ಮನಿದ್ದುಬಿಡುವುದು ಒಂದು ದಾರಿ. ಖರ್ಚಿಲ್ಲ, ಆದರೆ ಮುಂದೆ ದೂರು ಬಂದರೆ ‘ಅವಕಾಶ ಕೊಟ್ಟರೂ ಉತ್ತರಿಸಲಿಲ್ಲ’ ಎಂದು ಮೊದಲ ಪುಟದಲ್ಲೇ ಬರೆಯುತ್ತಾರೆ. ಅವರು ಕೇಳಿದಂತೆ ಹಲಗೆ ಮೇಲೆ ಕ್ಷಮೆ ಬರೆಯುವುದು ಇನ್ನೊಂದು. ಬಹಳ ಜನ ಇದನ್ನೇ ಮಾಡಿ ಮುಗಿಸುತ್ತಾರೆ, ತಪ್ಪೆನ್ನಲಾರೆ. ಅದರ ಅಪಾಯವೇನೆಂದರೆ ಕ್ಷಮೆಯ ಮಾತುಗಳನ್ನು ಅವರು ಬರೆದುಕೊಟ್ಟಿರುತ್ತಾರೆ, ಅದರೊಳಗೆ ‘ದುರುದ್ದೇಶದಿಂದ’, ‘ಸುಳ್ಳೆಂದು ತಿಳಿದೂ’ ಎಂಬ ಎರಡು ಪದ ಅಡಗಿರುತ್ತವೆ. ಅದಕ್ಕೆ ಸಹಿ ಹಾಕಿದರೆ ಮೊಕದ್ದಮೆಯ ಅರ್ಧ ಕೆಲಸ ನೀವೇ ಮಾಡಿಕೊಟ್ಟಂತೆ. ಎದೆ ಸೆಟೆಸಿ ಹೋರಾಡುವುದು ಮೂರನೆಯದು. ಕೈಯಲ್ಲಿ ದಾಖಲೆ ಇದ್ದಿದ್ದರೆ ನಾನೇ ನಿಮ್ಮನ್ನು ಹುರಿದುಂಬಿಸುತ್ತಿದ್ದೆ. ಈಗ ಇಲ್ಲ. ಕೊಪ್ಪಳ, ಬಳ್ಳಾರಿಯ ಪ್ರಕರಣ ರದ್ದು ಮಾಡಿಸಲು ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗಬೇಕು. ಗೆದ್ದರೂ ನೀವು ಧಾರವಾಡದಲ್ಲಿ ಕೂತ ದಿನ ಹೋಟೆಲಿನಲ್ಲಿ ಮಿರ್ಚಿ ಕರಿಯುವವರು ಯಾರು?

ನನ್ನ ಸಲಹೆ ಇವುಗಳ ನಡುವಿನದು. ಆ ಸಾಲಿನಲ್ಲಿ ಎರಡು ಮಾತಿವೆ. ಜಲ್ಲಿ ಎಲ್ಲಿ ಹೋಯಿತು ಎಂಬುದು ತೆರಿಗೆ ಕಟ್ಟುವವನ ಪ್ರಶ್ನೆ, ಅದನ್ನು ಬಿಡಬೇಡಿ. ಕಾಂಪೌಂಡಿನ ಮಾತನ್ನು ಬಿಟ್ಟುಬಿಡಿ. ವಕೀಲರ ಮೂಲಕ ಹೀಗೆ ಉತ್ತರಿಸಿ: ‘ಜಲ್ಲಿ ಯಾರದೋ ಮನೆಗೆ ಹೋಗಿದೆ ಎಂದು ಹೇಳಲು ನನ್ನ ಬಳಿ ದಾಖಲೆ ಇಲ್ಲದ ಕಾರಣ ಆ ಭಾಗವನ್ನು ಹಿಂದಕ್ಕೆ ಪಡೆದಿದ್ದೇನೆ. ಯಾರ ಮಾನ ಕಳೆಯುವ ಉದ್ದೇಶವೂ ಇರಲಿಲ್ಲ. ರಸ್ತೆ ಕಾಮಗಾರಿ ಬಗ್ಗೆ ಕೇಳಿದ ಪ್ರಶ್ನೆ ಸಾರ್ವಜನಿಕ ಹಿತದ್ದು, ಅದು ಹಾಗೆಯೇ ಇದೆ.’ ಇದರಲ್ಲೂ ಒಂದು ಅಪಾಯ ಉಂಟು, ಬರೆದದ್ದು ನೀವೇ ಎಂದು ಒಪ್ಪಿದಂತಾಗುತ್ತದೆ. ಆದರೆ ಹೋಟೆಲಿನ ಹೆಸರು, ಮಿರ್ಚಿಯ ರೇಟು ಸಮೇತ ಫೋಟೊ ಊರೆಲ್ಲ ತಿರುಗಿದ ಮೇಲೆ ಅದನ್ನು ಅಲ್ಲಗಳೆದು ಪ್ರಯೋಜನವಿಲ್ಲ.

ಆಮೇಲೆ ನಿಜವಾದ ಕೆಲಸಕ್ಕೆ ಇಳಿಯಿರಿ. ನಗರಸಭೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ನಿಮ್ಮ ಓಣಿ ರಸ್ತೆಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕ (ಮಾಡಿದ ಕೆಲಸದ ಅಳತೆ ಬರೆದಿಡುವ ಪುಸ್ತಕ), ಪಾವತಿಸಿದ ಬಿಲ್ಲುಗಳ ಪ್ರತಿ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ದಿನಾ ಒಂದು ಸಾಲಿನಲ್ಲಿ ಊರು ನಗಿಸುವವರಿಗೆ ಅದು ಧಾರಾಳ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೇಲ್ಮನವಿ ಇದೆ. ಆ ಕಾಯ್ದೆಯ 2ನೇ ಕಲಮಿನಲ್ಲಿ ಹೆಚ್ಚು ಜನ ಓದದ ಒಂದು ಮಾತಿದೆ: ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣೀಕೃತ ಮಾದರಿ ಪಡೆಯುವ ಹಕ್ಕು ಪ್ರಜೆಗೆ ಇದೆ. ಅಂದರೆ ಜಲ್ಲಿ ಎಲ್ಲಿ ಎಂದು ಹಲಗೆ ಮೇಲೆ ಕೇಳುವ ಬದಲು ನಗರಸಭೆಗೇ ಹೋಗಿ ‘ಒಂದು ಹಿಡಿ ಕೊಡ್ರಿ’ ಎಂದು ಕೇಳಬಹುದು. ಬಿಲ್ಲಿನಲ್ಲಿ ಜಲ್ಲಿ ಇದ್ದು ರಸ್ತೆಯಲ್ಲಿ ಇಲ್ಲದಿದ್ದರೆ ಅವರು ಏನು ಕೊಡುತ್ತಾರೆ ನೋಡುವ ಕುತೂಹಲ ನನಗೂ ಇದೆ.

ಪುಸ್ತಕದ ಪ್ರತಿ ಕೈಗೆ ಬಂದ ದಿನ ನೀವು ಹೀಗೆ ಬರೆಯಬಹುದು: ‘ಅಳತೆ ಪುಸ್ತಕದಾಗ ನಮ್ಮ ಓಣಿಗೆ ಜಲ್ಲಿ ಬಿದ್ದೈತಿ. ಗಾಡಿ ಇದ್ದವರು ಪುಸ್ತಕದ ಮ್ಯಾಲ ಓಡಸ್ರಿ.’ ಇದು ಹಳೆಯ ಸಾಲಿಗಿಂತ ಮೊನಚು, ಮತ್ತು ಇದರ ಮೇಲೆ ನೋಟಿಸ್ ಕೊಡಲು ಯಾರಿಗೂ ಹಿಡಿ ಸಿಗುವುದಿಲ್ಲ. 1994ರ ತೀರ್ಪನ್ನು ನೆನಪಿಡಲು ಹೇಳಿದ್ದು ಇದಕ್ಕೇ. ನೀವು ದಾಖಲೆಯನ್ನು ಓದುತ್ತಿದ್ದೀರಿ, ನಗುವುದು ಓದುಗನ ಕೆಲಸ.

ನಮ್ಮ ಭಾಗದಲ್ಲಿ ಇದು ಹೊಸ ವಿದ್ಯೆಯೂ ಅಲ್ಲ. ಬಯಲಾಟದ ಸಾರಥಿ ರಾಜನ ಹೆಸರಿನಲ್ಲಿ ಮುಂದೆ ಕೂತ ಊರ ಗೌಡನನ್ನು ತಿವಿಯುತ್ತಿದ್ದ, ಜಾತ್ರೆಗೆ ಬರುವ ನಾಟಕ ಕಂಪನಿಯ ಹಾಸ್ಯಗಾರ ಆ ಊರಿನ ಚರಂಡಿಯನ್ನು ಅವತ್ತೇ ನೋಡಿಕೊಂಡು ಬಂದು ರಾತ್ರಿ ಮಾತಿಗೆ ಸೇರಿಸುತ್ತಾನೆ. ಅವರು ತಿವಿಯುವುದು ಎಲ್ಲರ ಕಣ್ಣಿಗೆ ಬಿದ್ದ ಸಂಗತಿಯನ್ನು; ಕಂಪನಿಯ ಹಾಸ್ಯಗಾರ ಗೌಡರ ಮನೆಯೊಳಗಿನ ಸುದ್ದಿಗೆ ಹೋದರೆ ಆ ಊರಿನಲ್ಲಿ ಎರಡನೇ ಆಟ ಇರುವುದಿಲ್ಲ.

ವಸ್ತುವಿಗಂತೂ ಬರವಿಲ್ಲ. ತಾಲೂಕು, ಜಿಲ್ಲಾ ಪಂಚಾಯ್ತಿ ಸದಸ್ಯರ ಅವಧಿ 2021ರಲ್ಲಿ ಮುಗಿದು ವರ್ಷಗಟ್ಟಲೆ ಚುನಾವಣೆ ಇಲ್ಲ: ‘ಸದಸ್ಯರು 2021ರಾಗ ಎದ್ದು ಹೋದ್ರು, ಹೊಸಬರು ದಾರಿಯಾಗ ಅದಾರ.’ ರಾಯಚೂರಿನಲ್ಲಿ 2022ರ ಮೇ ತಿಂಗಳಲ್ಲಿ ಏಮ್ಸ್‌ಗಾಗಿ ಕೂತ ಧರಣಿ ಸಾವಿರ ದಿನ ದಾಟಿತು: ‘ಆಸ್ಪತ್ರೆ ಬರೋತನಕ ರಾಯಚೂರಿನವರು ಜಡ್ಡು ಬೀಳಬಾರದಾಗಿ ವಿನಂತಿ.’ ಇವನ್ನು ನಾನು ಬಿಟ್ಟಿಯಾಗಿ ಕೊಟ್ಟಿದ್ದೇನೆ, ಬಳಸಿಕೊಳ್ಳಿ. ಎರಡರಲ್ಲೂ ಒಬ್ಬ ಮನುಷ್ಯನ ನಡತೆಯ ಬಗ್ಗೆ ಒಂದಕ್ಷರ ಇಲ್ಲ, ಚುಚ್ಚಬೇಕಾದವರಿಗೆ ಚುಚ್ಚುತ್ತದೆ.

ಶಾಸಕರ ಬಗ್ಗೆ ಬರೆಯುವಾಗ ಒಂದು ಹೆಚ್ಚಿನ ಎಚ್ಚರ. 2017ರ ಜೂನ್‌ನಲ್ಲಿ ನಮ್ಮ ವಿಧಾನಸಭೆ ಹಕ್ಕುಚ್ಯುತಿ ಎಂದು ಇಬ್ಬರು ಸಂಪಾದಕರಿಗೆ ಒಂದು ವರ್ಷ ಜೈಲು, 10,000 ರೂಪಾಯಿ ದಂಡ ವಿಧಿಸಿತ್ತು. ಅಲ್ಲಿ ದೂರು ಕೊಡುವವರೂ ತೀರ್ಪು ಕೊಡುವವರೂ ಒಂದೇ ಸೂರಿನ ಕೆಳಗಿನವರು. 2021ರ ಮಾರ್ಚ್‌ನಲ್ಲಿ ಆರು ಸಚಿವರು ಒಟ್ಟಾಗಿ ಬೆಂಗಳೂರಿನ ನ್ಯಾಯಾಲಯದಿಂದ ಹತ್ತಾರು ಮಾಧ್ಯಮಗಳ ಮೇಲೆ ತಡೆಯಾಜ್ಞೆ ತಂದರು, ಅವರ ಬಗ್ಗೆ ಇನ್ನೂ ಪ್ರಕಟವಾಗದಿದ್ದುದಕ್ಕೂ ಸೇರಿಸಿ. ಎದುರು ಪಕ್ಷದ ಮಾತು ಕೇಳದೆ ಇಂಥ ತಡೆಯಾಜ್ಞೆಗಳನ್ನು ಸಲೀಸಾಗಿ ಕೊಡಬೇಡಿ ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ಕೆಳಗಿನ ಕೋರ್ಟುಗಳಿಗೆ ಹೇಳಿದೆ. ಒಂದು ಕರಿಹಲಗೆಗೆ ತಡೆಯಾಜ್ಞೆ ತರುವವರೆಗೆ ಯಾರೂ ಹೋಗಲಾರರು, ಆದರೆ ನಿಮ್ಮ ಅಕ್ಕನ ಮಗನ ಉತ್ಸಾಹ ನೋಡಿದರೆ ಹಲಗೆ ಹಲಗೆಯಾಗಿಯೇ ಉಳಿಯುವ ಭರವಸೆ ನನಗಿಲ್ಲ. ಅವನಿಗೆ ಒಂದು ನಿಯಮ ಹಾಕಿ: ಫೋಟೊ ಹಾಕಿದರೆ ದಿನಾಂಕ, ತಿಂಡಿಪಟ್ಟಿ ಸಮೇತ ಇಡೀ ಹಲಗೆ ಹಾಕಬೇಕು, ಸಾಲನ್ನಷ್ಟೇ ಕತ್ತರಿಸಿ ತನ್ನದೊಂದು ನಗುವ ಮುಖ ಸೇರಿಸಬಾರದು. ನೀವೂ ದಿನಾ ಅಳಿಸುವ ಮೊದಲು ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ನೀವು ಬರೆಯದ ಸಾಲನ್ನು ನಿಮ್ಮ ಹಲಗೆಯ ಚಿತ್ರಕ್ಕೆ ಅಂಟಿಸಿ ಬಿಡುವುದು ಈಗ ಎರಡು ನಿಮಿಷದ ಕೆಲಸ, ಆಗ ಆ ಫೋಟೊಗಳೇ ನಿಮ್ಮ ಸಾಕ್ಷಿ. ಗಂಗಾವತಿಯಲ್ಲಿ ಚುನಾವಣೆ ಘೋಷಣೆಯಾದ ದಿನಗಳಲ್ಲಿ ಅಭ್ಯರ್ಥಿಯ ಖಾಸಗಿ ನಡತೆ ಬಗ್ಗೆ ಸುಳ್ಳು ಬರೆಯುವುದು ನ್ಯಾಯ ಸಂಹಿತೆಯ 175ನೇ ಕಲಮಿನಡಿ ಬೇರೆಯೇ ಅಪರಾಧ, ಆಗ ಮಾತ್ರ ಸಾಲನ್ನು ಇನ್ನೊಬ್ಬರಿಗೆ ಓದಿಸಿ ಬರೆಯಿರಿ.

ಸದ್ಯಕ್ಕೆ ಹಲಗೆಯನ್ನು ಎತ್ತಿ ಬಚ್ಚಿಡಬೇಡಿ, ಹೊಸ್ತಿಲಿನ ಒಳಗಡೆಗೆ ಎರಡು ಅಡಿ ಸರಿಸಿ. ನೋಟಿಸಿನ ಏಳು ದಿನ ಮುಗಿಯುವ ಮೊದಲು ಗಂಗಾವತಿಯಲ್ಲೇ ಯಾರಾದರೂ ವಕೀಲರನ್ನು ಕಾಣಿ, ಇಷ್ಟಕ್ಕೆ ಬಳ್ಳಾರಿವರೆಗೆ ಬರುವುದು ಬೇಡ. ನೋಟಿಸ್, ಅದರ ಲಕೋಟೆ, ಹಲಗೆಯ ಮೂಲ ಫೋಟೊ, ಠಾಣೆಯ ಸ್ವೀಕೃತಿ ಇಷ್ಟನ್ನು ಒಯ್ಯಿರಿ. ಉತ್ತರವನ್ನು ಅವರ ವಕೀಲರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ದಾಖಲೆಯನ್ನು ಅದೇ ಕಡತಕ್ಕೆ ಸೇರಿಸಿ. ಮಾಹಿತಿ ಹಕ್ಕಿನ ಅರ್ಜಿಯನ್ನು ಮಾತ್ರ ಇದಕ್ಕೆ ಕಾಯಿಸಬೇಡಿ, ನಾಳೆಯೇ ಹಾಕಿ.